ಬಾಳು ಬೇರೆಯಾದಾಗ ಲೆಕ್ಕ ಬಾಕಿ ಉಳಿಯದಿರಲಿ

ವಿವಾಹವೆಂಬುದು ಎರಡು ಜೀವಗಳ ಬೆಸುಗೆ ಮಾತ್ರವಲ್ಲ, ಎರಡು ಮನೆತನಗಳ ಬೆಸುಗೆಯೂ ಹೌದು. ಗುರುಹಿರಿಯರ ಸಮ್ಮುಖದಲ್ಲಿ ಅಕ್ಷತೆ ಬಿದ್ದ ಮೇಲೆ ಗಂಡಹೆಂಡಿರ ನಡುವೆ ‘ಇದು ನಿನ್ನದು, ಇದು ನನ್ನದು’ ಎಂಬ ಎಣಿಕೆ ಇರಬಾರದೆಂಬುದು ನಮ್ಮ ಹಿರಿಯರು ಬೆಳೆಸಿಕೊಂಡು ಬಂದ ಭಾವನೆ. ಸಂಸಾರ ನೇರವಾಗಿ ಸಾಗುವಷ್ಟು ಕಾಲ ಆ ಭಾವನೆ ಸೊಗಸಾದದ್ದೇ. ಆದರೆ ದುರ್ದೈವದಿಂದ ಸಂಸಾರ ಮುರಿಯುವ ದಿನ ಬಂದಾಗ, ಇಪ್ಪತ್ತು ಇಪ್ಪತ್ತೈದು ವರ್ಷ ಲೆಕ್ಕವನ್ನೇ ಕೇಳದೆ ಬಾಳಿದವರು ಬರಿಗೈಯಲ್ಲಿ ಹೊಸ್ತಿಲು ದಾಟಬೇಕಾಗುತ್ತದೆ. ಹಾಗೆ ದಾಟುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವಿವಾಹವಿಚ್ಛೇದನ ಒಳಿತೋ ಕೆಡುಕೋ ಎಂಬ ಚರ್ಚೆ ಈ ಲೇಖನದ ಉದ್ದೇಶವಲ್ಲ. ಮುರಿದ ಮನಸ್ಸುಗಳನ್ನು ಕೂಡಿಸಲು ಹಿರಿಯರು ಮಾಡುವ ಪ್ರಯತ್ನ ಎಂದಿಗೂ ಸ್ತುತ್ಯವಾದುದು. ಆ ಪ್ರಯತ್ನಗಳೆಲ್ಲ ವಿಫಲವಾದ ಬಳಿಕ ಮನೆ, ಹೊಲ, ಬಂಗಾರ, ನಿವೃತ್ತಿಯ ಹಣ ಮತ್ತು ಸಾಲ ಇವುಗಳು ಯಾರಿಗೆ, ಎಷ್ಟು, ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಯನ್ನು ಸಂಕೋಚದಿಂದ ಬದಿಗೊತ್ತಿದರೆ ಅದರ ಫಲವನ್ನು ಮುಪ್ಪಿನಲ್ಲಿ ಉಣ್ಣಬೇಕಾಗುತ್ತದೆ. ಆದಕಾರಣ ನಮ್ಮ ಪ್ರತಿಯೊಂದು ಕುಟುಂಬವೂ ಈ ವಿಷಯದ ಸ್ಥೂಲಪರಿಚಯವನ್ನಾದರೂ ಹೊಂದಿರುವುದು ಅವಶ್ಯ.

ಕಾನೂನಿನ ನಿಲುವು

1955ರ ಹಿಂದೂ ವಿವಾಹ ಕಾಯಿದೆಯು ತಾನು ಯಾರಿಗೆ ಅನ್ವಯಿಸುತ್ತೇನೆಂದು ಹೇಳುವಾಗ ಎರಡನೆಯ ಕಲಮಿನಲ್ಲಿಯೇ ವೀರಶೈವ ಮತ್ತು ಲಿಂಗಾಯತ ಎಂಬ ಹೆಸರುಗಳನ್ನು ಸ್ಪಷ್ಟವಾಗಿ ನಮೂದಿಸಿದೆ. ಹೀಗಾಗಿ ನಮ್ಮ ಸಮಾಜದ ವಿವಾಹ, ವಿಚ್ಛೇದನ, ಜೀವನಾಂಶಗಳೆಲ್ಲ ಈ ಕಾಯಿದೆಯ ಚೌಕಟ್ಟಿನಲ್ಲಿಯೇ ನಡೆಯತಕ್ಕವು.

ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಅರ್ಧಪಾಲು ಹೆಂಡತಿಗೆ ತಾನಾಗಿಯೇ ಬರುತ್ತದೆಂದು ಅನೇಕರು ನಂಬಿದ್ದಾರೆ. ಇದು ತಪ್ಪು ತಿಳಿವಳಿಕೆ. ನಮ್ಮ ಕಾನೂನಿನಲ್ಲಿ ವಿವಾಹದಿಂದ ಆಸ್ತಿ ಒಂದಾಗುವುದಿಲ್ಲ. ಪತ್ರ ಯಾರ ಹೆಸರಿನಲ್ಲಿದೆಯೋ ಆಸ್ತಿ ಅವರದೇ. ಮದುವೆಯ ಸಂದರ್ಭದಲ್ಲಿ ಉಡುಗೊರೆಯಾಗಿ ಬಂದು ಇಬ್ಬರಿಗೂ ಸೇರಿದ ವಸ್ತುಗಳ ಬಗ್ಗೆ ಮಾತ್ರ 27ನೆಯ ಕಲಮಿನಂತೆ ನ್ಯಾಯಾಲಯ ಆಜ್ಞೆ ಮಾಡಬಹುದು. ಪತಿಯ ಸ್ಥಿರಾಸ್ತಿಯಲ್ಲಿ ಪತ್ನಿಗೆ ಪಾಲು ಕೊಡಿಸುವ ಉದ್ದೇಶವಿದ್ದ ತಿದ್ದುಪಡಿ ಮಸೂದೆಯೊಂದು 2010ರಲ್ಲಿ ಮಂಡನೆಯಾಗಿ, 2013ರಲ್ಲಿ ರಾಜ್ಯಸಭೆಯ ಒಪ್ಪಿಗೆಯನ್ನೂ ಪಡೆಯಿತು. ಆದರೆ 2014ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಅದು ಬಿದ್ದುಹೋಯಿತು. ನಮ್ಮ ನೆರೆಯ ಗೋವೆಯಲ್ಲಿ ಪೋರ್ಚುಗೀಸರ 1867ರ ಸಂಹಿತೆಯ ಪರಂಪರೆಯಂತೆ, ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ದಂಪತಿಗಳ ಆಸ್ತಿ ಸಮಭಾಗದ್ದು. ಗಡಿಯ ಈಚೆ ಆ ನಿಯಮವಿಲ್ಲ.

ಹಾಗಾದರೆ ಪತ್ನಿಗೆ ಏನೂ ಇಲ್ಲವೇ? ಇದೆ. ಆದರೆ ಅದು ಕೇಳಿದರೆ, ಪುರಾವೆಯೊಡನೆ ಕೇಳಿದರೆ ಮಾತ್ರ ದೊರೆಯುವಂಥದು.

ಜೀವನಾಂಶ: ದಯೆಯಲ್ಲ, ಹಕ್ಕು

ಪ್ರಕರಣ ನಡೆಯುತ್ತಿರುವಾಗ 24ನೆಯ ಕಲಮಿನಂತೆ ಮಧ್ಯಂತರ ಜೀವನಾಂಶವನ್ನೂ, ಡಿಕ್ರಿಯಾಗುವಾಗ ಅಥವಾ ಅನಂತರ ಎಂದಾದರೂ 25ನೆಯ ಕಲಮಿನಂತೆ ಶಾಶ್ವತ ಜೀವನಾಂಶವನ್ನೂ ಕೇಳಬಹುದು. ಈ ಎರಡೂ ಕಲಮುಗಳು ಗಂಡಹೆಂಡಿರಿಬ್ಬರಿಗೂ ಸಮಾನವಾಗಿ ಅನ್ವಯಿಸುತ್ತವೆ. ಪತ್ನಿ ಸರಕಾರಿ ಶಾಲೆಯ ಶಿಕ್ಷಕಿಯಾಗಿದ್ದು, ಪತಿ ರೋಗದಿಂದ ದುಡಿಯಲಾರದವನಾಗಿದ್ದರೆ ಅವನೂ ಕೇಳಬಹುದು. ಜೀವನಾಂಶವನ್ನು ತಿಂಗಳು ತಿಂಗಳು ಕೊಡಿಸಬಹುದು, ಒಂದೇ ಗಂಟಿನಲ್ಲಿ ಕೊಡಿಸಬಹುದು. ಅವಶ್ಯವೆನಿಸಿದರೆ ಕೊಡಬೇಕಾದವರ ಸ್ಥಿರಾಸ್ತಿಯ ಮೇಲೆ ಋಣಭಾರ ಹೇರಿ ಭದ್ರತೆ ಒದಗಿಸಬಹುದು. ಈ ಕೊನೆಯ ಅಂಶ ಬಹಳ ಉಪಯುಕ್ತವಾದರೂ ಬಳಕೆ ಮಾಡಿಕೊಳ್ಳುವವರು ವಿರಳ.

ಮೊತ್ತವೆಷ್ಟೆಂಬುದಕ್ಕೆ ಕಟ್ಟುನಿಟ್ಟಾದ ಸೂತ್ರವಿಲ್ಲ. ಪತಿಯ ಕೈಗೆ ಬರುವ ನಿವ್ವಳ ಸಂಬಳದ ಶೇಕಡಾ 25ರಷ್ಟು ಸೂಕ್ತವೆಂದು 2017ರ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅದು ಆಧಾರವಾಗಬಹುದೇ ಹೊರತು ಕಡ್ಡಾಯವಲ್ಲ. ಇಬ್ಬರ ವಯಸ್ಸು, ಆರೋಗ್ಯ, ವರಮಾನ, ಮಕ್ಕಳ ಹೊಣೆ, ಮದುವೆಯ ಬಳಿಕ ರೂಢಿಯಾಗಿದ್ದ ಬಾಳಿನ ಮಟ್ಟ, ಸಂಸಾರಕ್ಕಾಗಿ ಪತ್ನಿ ಬಿಟ್ಟುಕೊಟ್ಟ ನೌಕರಿ ಇವೆಲ್ಲವನ್ನೂ ತೂಗಿ ನೋಡಲಾಗುತ್ತದೆ. ಮಕ್ಕಳ ಪೋಷಣೆ ಇದರಿಂದ ಬೇರೆಯೇ ಆದ ಹೊಣೆ. ಅವಿವಾಹಿತ ಮಗಳ ಪೋಷಣೆಯಲ್ಲಿ ಆಕೆಯ ಮದುವೆಯ ಯೋಗ್ಯ ವೆಚ್ಚವೂ ಸೇರುತ್ತದೆಂದು 1956ರ ದತ್ತಕ ಮತ್ತು ಜೀವನಾಂಶ ಕಾಯಿದೆ ಹೇಳುತ್ತದೆ.

2020ರ ನವೆಂಬರ್ 4ರಂದು ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪು ಈ ಮಾರ್ಗದಲ್ಲಿ ದೊಡ್ಡ ಹೆಜ್ಜೆ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ವರಮಾನ, ಆಸ್ತಿ ಮತ್ತು ಸಾಲಗಳ ಪೂರ್ಣ ವಿವರವನ್ನು ಪ್ರಮಾಣಪತ್ರದ ಮೂಲಕ ಸಲ್ಲಿಸಬೇಕೆಂದು ಅದು ವಿಧಿಸಿತು. ಸುಳ್ಳು ಹೇಳಿದವರ ಮೇಲೆ ಕ್ರಮ ಜರುಗಿಸಬಹುದು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲತಕ್ಕದ್ದೆಂದೂ ಅದೇ ತೀರ್ಪು ಹೇಳಿತು.

ಸ್ತ್ರೀಧನದ ಪಾವಿತ್ರ್ಯ

ತವರಿನವರು ಇಟ್ಟ ಬಂಗಾರ, ಅತ್ತೆಮಾವಂದಿರು ತೊಡಿಸಿದ ಒಡವೆ, ಬಂಧುಗಳು ಕೊಟ್ಟ ಉಡುಗೊರೆ ಇವೆಲ್ಲ ಸ್ತ್ರೀಧನ. ಇದರ ಒಡತಿ ಹೆಣ್ಣೇ. ಗಂಡನ ಮನೆಯ ತಿಜೋರಿಯಲ್ಲಿ ಇಟ್ಟ ಮಾತ್ರಕ್ಕೆ ಅದು ಗಂಡನದಾಗದೆಂದು ಸರ್ವೋಚ್ಚ ನ್ಯಾಯಾಲಯ 1985ರಲ್ಲಿಯೇ ಹೇಳಿದೆ. 2024ರ ಏಪ್ರಿಲ್‌ನಲ್ಲಿ ಕೇರಳದ ದಂಪತಿಗಳ ಪ್ರಕರಣವೊಂದರಲ್ಲಿ ಈ ಮಾತು ಇನ್ನಷ್ಟು ಸ್ಪಷ್ಟವಾಯಿತು. ಕಷ್ಟಕಾಲದಲ್ಲಿ ಪತಿ ಪತ್ನಿಯ ಒಡವೆಯನ್ನು ಬಳಸಿಕೊಳ್ಳಬಹುದು, ಆದರೆ ಅದನ್ನು ಅಥವಾ ಅದರ ಬೆಲೆಯನ್ನು ಮರಳಿಸುವುದು ಅವನ ಹೊಣೆ ಎಂದು ಹೇಳಿ, 89 ಸವರನ್ ಬಂಗಾರಕ್ಕೆ ಬದಲಾಗಿ 25 ಲಕ್ಷ ರೂಪಾಯಿ ಕೊಡುವಂತೆ ಆಜ್ಞೆಯಾಯಿತು.

ಆದ್ದರಿಂದ ಸ್ತ್ರೀಧನವನ್ನು ಜೀವನಾಂಶದ ಲೆಕ್ಕದಲ್ಲಿ ಸೇರಿಸಿ ‘ಬಂಗಾರ ಕೊಟ್ಟೆವಲ್ಲ, ಇನ್ನೇನು?’ ಎನ್ನುವುದು ನ್ಯಾಯವಲ್ಲ. ಅವಳದನ್ನು ಅವಳಿಗೆ ಮರಳಿಸುವುದು ಕೊಡುಗೆಯಾಗುವುದಿಲ್ಲ. ಮದುವೆಯಲ್ಲಿ ತೊಡಿಸಿದ ಒಡವೆಗಳ ರಸೀದಿ, ತೂಕದ ಚೀಟಿ, ಭಾವಚಿತ್ರಗಳನ್ನು ತಾಯಂದಿರು ಜೋಪಾನವಾಗಿ ಇಡಬೇಕು.

ಮನೆ ಮತ್ತು ಹೊಲ

ಪಿತ್ರಾರ್ಜಿತ ಹೊಲಮನೆಯಲ್ಲಿ ವಿಚ್ಛೇದಿತ ಪತ್ನಿಗೆ ಪಾಲು ಬರುವುದಿಲ್ಲ. ಆದರೆ ಮಕ್ಕಳ ಪಾಲು ತಂದೆತಾಯಿಗಳ ಜಗಳದಿಂದ ಕಳೆದುಹೋಗುವುದಿಲ್ಲ. ಗಂಡುಮಕ್ಕಳಂತೆ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಸಮಪಾಲಿಗೆ ಅರ್ಹರು. ಈ ದಾರಿಯಲ್ಲಿ ಕರ್ನಾಟಕ 1994ರಲ್ಲಿಯೇ ತಿದ್ದುಪಡಿ ತಂದಿತ್ತು. 2005ರ ಕೇಂದ್ರ ತಿದ್ದುಪಡಿ ಅದನ್ನು ದೇಶಕ್ಕೆಲ್ಲ ವಿಸ್ತರಿಸಿತು. ತವರಿಗೆ ಮರಳುವ ಮಗಳು ಅಣ್ಣತಮ್ಮಂದಿರ ಮರ್ಜಿಯಲ್ಲಿ ಬಾಳಬೇಕಾಗಿಲ್ಲ, ಆಕೆಗೂ ಅಲ್ಲಿ ಹಕ್ಕಿದೆ ಎಂಬುದನ್ನು ತವರಿನವರು ನೆನಪಿಡಬೇಕು.

ಪತಿ ತನ್ನ ದುಡಿಮೆಯಿಂದ ಕಟ್ಟಿಸಿದ ಮನೆಯ ವಿಷಯವೇನು? ಮನೆವಾರ್ತೆ ನೋಡಿಕೊಂಡ ಪತ್ನಿಯ ದುಡಿಮೆಯೂ ಆಸ್ತಿ ಗಳಿಕೆಗೆ ಕಾರಣವಾಗುತ್ತದೆಂದು ಮದರಾಸು ಉಚ್ಚ ನ್ಯಾಯಾಲಯ 2023ರ ಜೂನ್‌ನಲ್ಲಿ ಒಂದು ಪ್ರಕರಣದಲ್ಲಿ ಒಪ್ಪಿ ಸಮಪಾಲು ನೀಡಿತು. ಕಾಯಕಕ್ಕೆ ಹಿರಿದು ಕಿರಿದೆಂಬ ಭೇದವಿಲ್ಲವೆಂದು ನಂಬಿದ ಸಮಾಜಕ್ಕೆ ಈ ಮಾತು ಹೊಸದೆನಿಸಬಾರದು. ಆದರೆ ಆ ತೀರ್ಪು ಕರ್ನಾಟಕದ ನ್ಯಾಯಾಲಯಗಳಿಗೆ ಮಾರ್ಗದರ್ಶಿಯಾಗಬಹುದೇ ವಿನಾ ಬಂಧಕವಲ್ಲ. ಪ್ರಕರಣ ನಡೆಯುವಾಗ ಪತ್ನಿಯನ್ನು ಬಾಳಿದ ಮನೆಯಿಂದ ಹೊರದೂಡದಂತೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ರಕ್ಷಣೆ ಕೊಡುತ್ತದೆ. ಆ ಮನೆ ಅತ್ತೆಮಾವಂದಿರ ಹೆಸರಿನಲ್ಲಿದ್ದರೂ ಈ ರಕ್ಷಣೆಯನ್ನು ಕೇಳಬಹುದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ತಿಳಿಸಿದೆ.

ಯಾರೂ ಕೇಳದ ನಿವೃತ್ತಿಯ ಹಣ

ಹೊಲ ಕಣ್ಣಿಗೆ ಕಾಣುತ್ತದೆ, ಮನೆ ಕಣ್ಣಿಗೆ ಕಾಣುತ್ತದೆ. ಭವಿಷ್ಯನಿಧಿ ಕಾಣುವುದಿಲ್ಲ. ನೌಕರಿಯಲ್ಲಿರುವವನ ಸಂಬಳದಿಂದ ತಿಂಗಳು ತಿಂಗಳು ಕಡಿತವಾಗಿ, ಮಾಲೀಕರ ವಂತಿಗೆಯೂ ಸೇರಿ, ಬಡ್ಡಿ ಬೆಳೆದು ಅದು ದೊಡ್ಡ ಗಂಟಾಗಿರುತ್ತದೆ. ಕಡಿತವಾದಷ್ಟು ಹಣ ಮನೆಖರ್ಚಿಗೆ ಬರಲಿಲ್ಲ. ಆ ಕೊರತೆಯನ್ನು ತುಂಬಿದವಳು ಮನೆಯೊಡತಿ. ಹೀಗಿದ್ದೂ ರಾಜಿಯ ಮಾತುಕತೆಯಲ್ಲಿ ಪಿ.ಎಫ್., ಗ್ರಾಚ್ಯುಯಿಟಿ, ಪಿ.ಪಿ.ಎಫ್., ರಾಷ್ಟ್ರೀಯ ಪಿಂಚಣಿ ಯೋಜನೆಯ ಖಾತೆ ಇವುಗಳ ಹೆಸರೇ ಬರುವುದಿಲ್ಲ.

ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ನಿಧಿಯಲ್ಲಿರುವಷ್ಟು ಕಾಲ ಭವಿಷ್ಯನಿಧಿ ಮತ್ತು ಪಿ.ಪಿ.ಎಫ್. ಹಣಕ್ಕೆ ಜಪ್ತಿಯಿಂದ ಕಾನೂನಿನ ರಕ್ಷಣೆಯುಂಟು. ಅಮೆರಿಕದಲ್ಲಿ 1984ರ ಕಾನೂನಿನಂತೆ ನ್ಯಾಯಾಲಯದ ವಿಶೇಷ ಆಜ್ಞೆಯನ್ನು ಪಡೆದು ಖಾಸಗಿ ಉದ್ಯೋಗದ ನಿವೃತ್ತಿನಿಧಿಯಿಂದಲೇ ವಿಚ್ಛೇದಿತ ಸಂಗಾತಿಗೆ ನೇರವಾಗಿ ಪಾಲು ಕೊಡಿಸಬಹುದು. ಬ್ರಿಟನ್ನಿನಲ್ಲಿ 2000ದ ಡಿಸೆಂಬರ್‌ನಿಂದ ಪಿಂಚಣಿಯನ್ನೇ ಹಂಚುವ ಏರ್ಪಾಡಿದೆ. ನಮ್ಮಲ್ಲಿ ಅಂಥ ಸರಾಗವಾದ ದಾರಿಯಿಲ್ಲ. ಎರಡನೆಯದು, ವಿಚ್ಛೇದನದ ಡಿಕ್ರಿಯೊಡನೆ ‘ಪತ್ನಿ’ ಎಂಬ ಸ್ಥಾನವೇ ಇಲ್ಲವಾಗುವುದರಿಂದ, ಮುಂದೆ ಪತಿ ತೀರಿಕೊಂಡರೆ ವಿಧವಾ ಪಿಂಚಣಿ ಅಥವಾ ಕುಟುಂಬ ಪಿಂಚಣಿ ಆಕೆಗೆ ಬರುವುದಿಲ್ಲ. ಐವತ್ತರ ವಯಸ್ಸಿನಲ್ಲಿ ಸಹಿ ಹಾಕುವ ತಾಯಿ ತಾನು ಬಿಟ್ಟುಕೊಡುತ್ತಿರುವುದು ಏನೆಂಬುದನ್ನು ಅರಿತೇ ಸಹಿ ಹಾಕಬೇಕು.

ಹಾಗೆಂದು ದಾರಿ ಮುಚ್ಚಿಲ್ಲ. ನಿಧಿಯನ್ನು ಮುಟ್ಟಲಾಗದಿದ್ದರೂ ಅದನ್ನು ಲೆಕ್ಕಕ್ಕೆ ಹಿಡಿಯಲು ಅಡ್ಡಿಯಿಲ್ಲ. ನಿಧಿ ಪತಿಗೇ ಇರಲಿ, ಅದಕ್ಕೆ ಪ್ರತಿಯಾಗಿ ಮನೆಯಲ್ಲಿ ಅಥವಾ ನಗದಿನಲ್ಲಿ ಪತ್ನಿಗೆ ಹೆಚ್ಚು ಭಾಗ ಬರಲಿ ಎಂದು ಒಪ್ಪಬಹುದು. ಅಥವಾ ನಿವೃತ್ತಿಯಾದ ಇಷ್ಟು ದಿನಗಳೊಳಗೆ ಇಷ್ಟು ಹಣ ಕೊಡತಕ್ಕದ್ದೆಂದು ಡಿಕ್ರಿಯಲ್ಲಿಯೇ ಬರೆಸಿ, ಅದಕ್ಕೆ ಮನೆಯ ಮೇಲೆ ಋಣಭಾರದ ಭದ್ರತೆ ಪಡೆಯಬಹುದು.

ಒಂದು ಲೆಕ್ಕ ಹಾಕಿ ನೋಡೋಣ

ವಿಷಯ ಮನದಟ್ಟಾಗಲು ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಪತಿಗೆ ಕಾರಖಾನೆಯೊಂದರಲ್ಲಿ 24 ವರ್ಷದ ನೌಕರಿ, ಪತ್ನಿ ಮನೆವಾರ್ತೆ ನೋಡಿಕೊಂಡವಳು. ಪತಿಯ ಹೆಸರಿನ ಮನೆಯ ಬೆಲೆ 60 ಲಕ್ಷ. ಪಿ.ಎಫ್. 18 ಲಕ್ಷ. ಪಿ.ಪಿ.ಎಫ್. 6 ಲಕ್ಷ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 39,000 ರೂಪಾಯಿ ಇದ್ದರೆ, ವರ್ಷಕ್ಕೆ 15 ದಿನದ ಸಂಬಳವನ್ನು 26 ದಿನದ ತಿಂಗಳಿಗೆ ಎಣಿಸಿ, 22,500ರಂತೆ 24 ವರ್ಷಕ್ಕೆ ಗ್ರಾಚ್ಯುಯಿಟಿ 5,40,000 ಆಗುತ್ತದೆ. ಒಟ್ಟು 89 ಲಕ್ಷ 40 ಸಾವಿರ. ಇಬ್ಬರೂ ಸಹಿ ಮಾಡಿದ ಬ್ಯಾಂಕಿನ ಗೃಹಸಾಲ 12 ಲಕ್ಷ, ಪತ್ನಿಯ ಒಡವೆ ಅಡವಿಟ್ಟು ತಂದ ಸಾಲ 3 ಲಕ್ಷ, ಸೊಸೈಟಿಯ ಸಾಲ 2 ಲಕ್ಷ, ಹೀಗೆ ಸಾಲ 17 ಲಕ್ಷ. ಉಳಿಯುವ ನಿವ್ವಳ 72 ಲಕ್ಷ 40 ಸಾವಿರ.

ಈಗ ಹಿರಿಯರು ಕೂಡಿ ‘ಹತ್ತು ಲಕ್ಷ ಕೊಟ್ಟು ಬಿಡುಗಡೆ ಮಾಡಿಸಿರಿ’ ಎಂದರೆ ಆ ಕ್ಷಣದಲ್ಲಿ ಅದು ದೊಡ್ಡ ಮೊತ್ತವೆಂದೇ ತೋರುತ್ತದೆ. ಲೆಕ್ಕ ನೋಡಿದರೆ ಅದು ನಿವ್ವಳದ ಏಳನೆಯ ಒಂದು ಭಾಗವೂ ಅಲ್ಲ. ಮಾತಿನಲ್ಲಿ ಸುಳಿಯದೇ ಹೋದ ನಿವೃತ್ತಿಯ ಹಣವೊಂದೇ 29 ಲಕ್ಷ 40 ಸಾವಿರ, ಎಂದರೆ ಆ ಹತ್ತು ಲಕ್ಷದ ಹೆಚ್ಚುಕಡಿಮೆ ಮೂರು ಪಟ್ಟು. ಇದರ ಬದಲು ಮನೆ ಮಾರಿ ಬ್ಯಾಂಕಿನ ಸಾಲ ತೀರಿಸಿದರೆ ಉಳಿಯುವ 48 ಲಕ್ಷದಲ್ಲಿ 30 ಲಕ್ಷ ಪತ್ನಿಗೆ, 18 ಲಕ್ಷ ಪತಿಗೆ ಎಂದು ಒಪ್ಪಬಹುದು. ಪತಿಯ ನಿವೃತ್ತಿಯ ಹಣ ಪೂರ್ತಿಯಾಗಿ ಅವನಿಗೇ ಉಳಿದು, ಮಿಕ್ಕ 5 ಲಕ್ಷ ಸಾಲ ಅವನದಾದರೂ ಅವನ ಪಾಲು 42 ಲಕ್ಷ 40 ಸಾವಿರವಾಗುತ್ತದೆ. ಇಷ್ಟೇ ಕೊಡಬೇಕೆಂದು ಕಾನೂನು ಹೇಳುವುದಿಲ್ಲ. ಗ್ರಾಚ್ಯುಯಿಟಿಯಂತೂ ಇಂದು ಕೈಯಲ್ಲಿಲ್ಲದ ಹಣ, ಅದನ್ನು ಹಿಡಿಯುವಾಗ ಸ್ವಲ್ಪ ರಿಯಾಯಿತಿ ತೋರುವುದೂ ನ್ಯಾಯವೇ. ಆದರೆ ಮಾತುಕತೆ 72 ಲಕ್ಷದ ಎದುರಿನಲ್ಲಿ ಆರಂಭವಾಗುವುದಕ್ಕೂ, ಜೇಬಿನಲ್ಲಿ ಕಂಡಷ್ಟರಲ್ಲಿ ಆರಂಭವಾಗುವುದಕ್ಕೂ ಅಜಗಜಾಂತರವಿದೆ.

ಸಾಲಕ್ಕೆ ವಿಚ್ಛೇದನವಿಲ್ಲ

ಆಸ್ತಿಯ ಬಗ್ಗೆ ವಾದಿಸುವವರು ಸಾಲವನ್ನು ಮರೆಯುತ್ತಾರೆ. ಗೃಹಸಾಲದ ಪತ್ರಕ್ಕೆ ಇಬ್ಬರೂ ಸಹಿ ಮಾಡಿದ್ದರೆ ಬ್ಯಾಂಕಿನ ಎದುರು ಇಬ್ಬರೂ ಹೊಣೆಗಾರರು. ‘ಸಾಲವನ್ನು ಪತಿಯೇ ತೀರಿಸತಕ್ಕದ್ದು’ ಎಂದು ನ್ಯಾಯಾಲಯದ ರಾಜಿಪತ್ರದಲ್ಲಿ ಬರೆದಿದ್ದರೂ ಬ್ಯಾಂಕು ಆ ರಾಜಿಗೆ ಪಕ್ಷವಲ್ಲ. ಪತಿ ಕಂತು ತಪ್ಪಿಸಿದರೆ ನೋಟೀಸು ಪತ್ನಿಯ ಬಾಗಿಲಿಗೂ ಬರುತ್ತದೆ. ಆದ್ದರಿಂದ ಸಾಲವನ್ನು ತೀರಿಸಿಯೇ ಬೇರೆಯಾಗಬೇಕು, ಇಲ್ಲವೇ ಒಬ್ಬರನ್ನು ಹೊಣೆಯಿಂದ ಮುಕ್ತಗೊಳಿಸಿದ್ದೇವೆಂಬ ಬ್ಯಾಂಕಿನ ಲಿಖಿತ ಒಪ್ಪಿಗೆಯನ್ನು ಪಡೆಯಬೇಕು.

ಜಾಮೀನಿನ ಮಾತೂ ಅಂತೆಯೇ. 1872ರ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ ಸಾಲಗಾರನಷ್ಟೇ ಹೊಣೆ ಜಾಮೀನುದಾರನದೂ ಹೌದು. ಅಳಿಯನ ಸೊಸೈಟಿ ಸಾಲಕ್ಕೆ ಸಹಿ ಮಾಡಿದ ಮಾವ, ಭಾವನ ಸಾಲಕ್ಕೆ ಸಹಿ ಮಾಡಿದ ಮೈದುನ ಸಂಬಂಧ ಹರಿದ ಮೇಲೂ ಕಟ್ಟಿನಿಂದ ಬಿಡುಗಡೆಯಾಗುವುದಿಲ್ಲ. ಇನ್ನೊಂದೆಡೆ, ಪತಿ ಒಬ್ಬನೇ ಸಹಿ ಮಾಡಿ ತಂದ ಕೈಗಡಕ್ಕೆ, ಆಕೆ ಜಾಮೀನು ನಿಂತಿಲ್ಲದಿದ್ದರೆ, ಪತ್ನಿ ಹೊಣೆಯಲ್ಲ. ಆದರೂ ಮಗಳ ಓದಿಗೋ ಮನೆಯವರ ಚಿಕಿತ್ಸೆಗೋ ಆದ ಸಾಲವನ್ನು ಪೂರ್ತಿ ಒಬ್ಬರ ತಲೆಗೆ ಕಟ್ಟುವುದು ಧರ್ಮವಲ್ಲ.

ವಿಮೆ ಮತ್ತು ಠೇವಣಿಗಳ ನಾಮನಿರ್ದೇಶನವನ್ನೂ ನೋಡಿಕೊಳ್ಳಬೇಕು. ವಿಚ್ಛೇದನವಾಯಿತೆಂದು ಬ್ಯಾಂಕಿನ ಪುಸ್ತಕದಲ್ಲಿ ಹೆಸರು ತಾನಾಗಿ ಬದಲಾಗದು. 1874ರ ವಿವಾಹಿತ ಸ್ತ್ರೀಯರ ಸ್ವತ್ತಿನ ಕಾಯಿದೆಯಂತೆ ಪತ್ನಿ ಮಕ್ಕಳ ಹಿತಕ್ಕೆಂದು ಬರೆಸಿದ ಪಾಲಿಸಿ ಮಾತ್ರ ಅವರ ನ್ಯಾಸವಾಗುತ್ತದೆ. ಅದನ್ನು ಪತಿಯ ಸಾಲಗಾರರೂ ಮುಟ್ಟುವಂತಿಲ್ಲ.

ಹಿರಿಯರ ಪಂಚಾಯಿತಿ ಮತ್ತು ಕಾಗದ

ನಮ್ಮ ಉತ್ತರ ಭಾಗದ ಜಿಲ್ಲೆಗಳಲ್ಲಿ ಸೋಡಚೀಟಿಯ ರೂಢಿ ಹಿಂದಿನಿಂದ ಬಂದದ್ದು. ರೂಢಿಯ ವಿಚ್ಛೇದನವನ್ನು ಹಿಂದೂ ವಿವಾಹ ಕಾಯಿದೆ 29ನೆಯ ಕಲಮಿನಲ್ಲಿ ಮಾನ್ಯ ಮಾಡಿದೆಯಾದರೂ, ಅಂಥ ರೂಢಿ ಇದೆಯೆಂದು ಪುರಾವೆಯಿಂದ ಸಿದ್ಧಪಡಿಸುವ ಭಾರ ಅದನ್ನು ಹೇಳುವವರ ಮೇಲಿದೆ. ಛಾಪಾ ಕಾಗದದ ಮೇಲೆ ಪಂಚರು ಸಹಿ ಮಾಡಿದ ಮಾತ್ರಕ್ಕೆ ವಿವಾಹ ರದ್ದಾಯಿತೆಂದು ನಂಬಿ ಮರುಮದುವೆಯಾದವರು ಸಂಕಷ್ಟಕ್ಕೆ ಸಿಲುಕಬಹುದು. ಹಿರಿಯರು ಮಾತು ಕೂಡಿಸಲಿ, ಲೆಕ್ಕ ಹೊಂದಿಸಲಿ. ಕೊನೆಯ ಮುದ್ರೆ ಕೌಟುಂಬಿಕ ನ್ಯಾಯಾಲಯದ್ದಾಗಲಿ.

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ 13-ಬಿ ಕಲಮಿನಂತೆ ಒಂದು ವರ್ಷ ಬೇರೆ ಬಾಳಿರಬೇಕು. ಅರ್ಜಿಯ ನಂತರದ ಆರು ತಿಂಗಳ ಕಾಯುವಿಕೆಯನ್ನು ತಕ್ಕ ಕಾರಣವಿದ್ದರೆ ನ್ಯಾಯಾಲಯ ಮನ್ನಿಸಬಹುದೆಂದು 2017ರಲ್ಲಿ ತೀರ್ಪಾಗಿದೆ. ಡಿಕ್ರಿಯಾಗುವವರೆಗೆ ಯಾರಾದರೊಬ್ಬರು ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು. ಆದ್ದರಿಂದ ಹಣದ ಒಂದು ಭಾಗವನ್ನು ಮೊದಲ ಹಂತದಲ್ಲಿ, ಉಳಿದುದನ್ನು ಕೊನೆಯ ಹಂತದಲ್ಲಿ ಕೊಡುವಂತೆ ಗೊತ್ತುಮಾಡುವುದು ಇಬ್ಬರಿಗೂ ಕ್ಷೇಮ. ಮನೆ ಅಥವಾ ನಿವೇಶನ ಕೊಡುವುದಾದರೆ ಪತ್ರವನ್ನು ನೋಂದಣಿ ಮಾಡಿಸಿ ಖಾತೆಯನ್ನೂ ಬದಲಿಸಿಕೊಳ್ಳಬೇಕು. ‘ಇನ್ನು ಮುಂದೆ ಯಾವ ಹಕ್ಕೂ ಇಲ್ಲ’ ಎಂಬ ಸಾಲಿಗೆ ಸಹಿ ಹಾಕುವ ಮುನ್ನ ಯಾವ ಯಾವ ಹಕ್ಕು ಇತ್ತೆಂಬ ಪಟ್ಟಿ ಕೈಯಲ್ಲಿರಬೇಕು. ವಕೀಲರ ಖರ್ಚಿಗೆ ಅಂಜಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಯಾವುದೇ ಹೆಣ್ಣುಮಗಳು, ವರಮಾನ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹಳು.

ಮಗಳನ್ನು ಪರದೇಶಕ್ಕೆ ಕೊಟ್ಟವರಿಗೆ ಒಂದು ಮಾತು. ನಮ್ಮ ಕಾನೂನಿನಂತೆ ಇಲ್ಲಿ ನಡೆದ ಮದುವೆಯನ್ನು ಅಲ್ಲಿಯ ನ್ಯಾಯಾಲಯ ನಮ್ಮಲ್ಲಿಲ್ಲದ ಕಾರಣಕ್ಕೆ, ಅದೂ ಹೆಣ್ಣುಮಗಳು ಆ ನ್ಯಾಯಾಲಯವನ್ನು ಒಪ್ಪದೆ, ಹಾಜರಾಗದೆ ಇದ್ದಾಗ ರದ್ದುಪಡಿಸಿದರೆ ಆ ತೀರ್ಪು ಇಲ್ಲಿ ನಿಲ್ಲುವುದಿಲ್ಲವೆಂದು 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಹಾಗೆಂದು ಅಲ್ಲಿಂದ ಬಂದ ನೋಟೀಸನ್ನು ಕಡೆಗಣಿಸಬಾರದು. ಅಲ್ಲಿಯ ನಿವೃತ್ತಿನಿಧಿಯಲ್ಲಿ ಪಾಲು ಕೇಳಬೇಕಾದರೆ ಅಲ್ಲಿಯ ವಕೀಲರ ಸಲಹೆ ಪಡೆಯುವುದೇ ಲೇಸು.

ಇಂದೇ ಮಾಡಬೇಕಾದದ್ದು

ಇದನ್ನೆಲ್ಲ ಓದಿ ‘ನಮ್ಮ ಮನೆಗೇಕೆ ಈ ಅಶುಭದ ಮಾತು’ ಎನ್ನುವವರಿಗೆ ನಮ್ಮ ವಿನಂತಿ ಇಷ್ಟೇ. ಮನೆಯ ಪತ್ರಗಳು ಎಲ್ಲಿವೆ, ಯಾವ ಬ್ಯಾಂಕಿನಲ್ಲಿ ಏನಿದೆ, ಭವಿಷ್ಯನಿಧಿಯ ಸಂಖ್ಯೆ ಯಾವುದು, ಯಾರ ಸಾಲಕ್ಕೆ ಯಾರು ಸಹಿ ಹಾಕಿದ್ದಾರೆ, ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದು ಗಂಡಹೆಂಡಿರಿಬ್ಬರೂ ವರ್ಷಕ್ಕೊಮ್ಮೆ ಕೂಡಿ ಓದಲಿ. ಸಂಸಾರ ನೂರು ಕಾಲ ಬಾಳಿದರೆ ಆ ಪುಸ್ತಕ ಮುಪ್ಪಿನ ದಿನಗಳಿಗೂ ಮಕ್ಕಳಿಗೂ ಆಸರೆಯಾಗುತ್ತದೆ. ಅಕಾಲದಲ್ಲಿ ಒಬ್ಬರು ಅಗಲಿದರೆ ಉಳಿದವರಿಗೆ ದಾರಿ ತೋರುತ್ತದೆ. ದುರ್ದೈವದಿಂದ ಬೇರೆಯಾಗಬೇಕಾಗಿ ಬಂದರೆ ಸುಳ್ಳಿಗೂ ಮೋಸಕ್ಕೂ ಎಡೆಯಿಲ್ಲದಂತೆ ಮಾಡುತ್ತದೆ.

ಗಂಡುಮಕ್ಕಳ ತಂದೆತಾಯಿಗಳು, ಹೆಣ್ಣುಮಕ್ಕಳ ತಂದೆತಾಯಿಗಳು, ಮಧ್ಯಸ್ಥಿಕೆಗೆ ಕೂಡುವ ಹಿರಿಯರು ಮೂವರೂ ಒಂದು ನಿಯಮವನ್ನು ಪಾಲಿಸಲಿ: ಆಸ್ತಿ, ಬಂಗಾರ, ನಿವೃತ್ತಿಯ ಹಣ, ಸಾಲ ಈ ನಾಲ್ಕರ ಪಟ್ಟಿ ಎದುರಿಗೆ ಬರುವವರೆಗೆ ಯಾರೂ ಮೊತ್ತದ ಮಾತೆತ್ತದಿರಲಿ. ಪ್ರೀತಿಯಿಂದ ಕೂಡಿ ಬಾಳಿದವರು ದ್ವೇಷವಿಲ್ಲದೆ ಅಗಲುವುದು ಕಠಿಣವಾದರೂ, ಮೋಸವಿಲ್ಲದೆ ಅಗಲುವುದು ಎಲ್ಲರ ಕೈಯಲ್ಲೂ ಇದೆ.